‘ಡಂಡಡಾನ್’ನ ಯೋಕಾಯ್ ದೆವ್ವವೋ, ದೈವವೋ? ಪರೇಲ್‌ನಲ್ಲಿ ಕೂತು ಈ ಜಗಳ ಬಿಡಿಸುವುದು ಹೇಗೆ?

2025ರ ಸೆಪ್ಟೆಂಬರ್ 12, ಶುಕ್ರವಾರ. ಮುಂಬೈ ಚಿತ್ರಮಂದಿರಗಳಿಗೆ ಒಂದೇ ದಿನ ಎರಡು ಸಿನಿಮಾ ಬಂದವು. ಒಂದು ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’. ಇನ್ನೊಂದು ಮರಾಠಿಯ ‘ದಶಾವತಾರ’, ಕೊಂಕಣದ ವೃದ್ಧ ದಶಾವತಾರಿ ಕಲಾವಿದನೊಬ್ಬನ ಕಥೆ. ಮೂರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 2ರಂದು, ‘ಕಾಂತಾರ: ಚಾಪ್ಟರ್ 1’ ತೆರೆಕಂಡಿತು.

ಈ ಮೂರನ್ನೂ ತಮ್ಮದೆಂದು ನೋಡಬಲ್ಲ ಪ್ರೇಕ್ಷಕರು ಯಾರಾದರೂ ಇದ್ದರೆ ಅವರನ್ನು ಪರೇಲ್ ಸುತ್ತಮುತ್ತ ಹುಡುಕಬೇಕು. ಪರೇಲ್, ಲಾಲ್‌ಬಾಗ್ ಒಂದು ಕಾಲಕ್ಕೆ ‘ಗಿರಣ್‌ಗಾಂವ್’, ಅಂದರೆ ಬಟ್ಟೆ ಗಿರಣಿಗಳ ಊರು. ಕೊಂಕಣದಿಂದ ಬಂದ ಕಾರ್ಮಿಕರು ಇಲ್ಲಿನ ಚಾಳುಗಳಲ್ಲಿ ನೆಲೆ ನಿಂತರು. ಉಡುಪಿ, ಮಂಗಳೂರು ಕಡೆಯಿಂದ ಮುಂಬೈಗೆ ಬಂದವರು ಹಗಲು ಹೋಟೆಲ್‌ಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಜಾಗದಲ್ಲಿ ಇಂದು ಮಾಲ್, ಆಫೀಸು, ಮಲ್ಟಿಪ್ಲೆಕ್ಸ್ ಇವೆ. ಅಜ್ಜ ಊರಿನ ಭೂತದ ಕಥೆ ಹೇಳುತ್ತಿದ್ದ ಮನೆಯಲ್ಲೇ ಈಗ ಮೊಮ್ಮಕ್ಕಳು ಮೊಬೈಲ್‌ನಲ್ಲಿ ಜಪಾನಿನ ಮಾಂಗಾ ಓದುತ್ತಿದ್ದಾರೆ.

ಕರಾವಳಿ ಮೂಲದ ಇಬ್ಬರು ವಿಮರ್ಶಕರು ಪರೇಲ್‌ನಲ್ಲಿ ಚಹಾ ಕುಡಿಯುತ್ತಾ ಇಂಥದ್ದೊಂದು ಮಾಂಗಾದ ಬಗ್ಗೆ ಜಗಳಕ್ಕೆ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಪುಸ್ತಕ ‘ಡಂಡಡಾನ್’. ಒಬ್ಬರಿಗೆ ಅದು ದೆವ್ವಗಳನ್ನು ಬಡಿದು ಹಾಕುವ ಫೈಟಿಂಗ್ ಕಥೆ. ಇನ್ನೊಬ್ಬರಿಗೆ ಊರಿನ ನೇಮ ನೆನಪಿಸುವ ಕಥೆ. ಯಾರು ಸರಿ?

ಏನಿದು ‘ಡಂಡಡಾನ್’?

ಯುಕಿನೊಬು ತತ್ಸು ಬರೆದು ಚಿತ್ರಿಸುತ್ತಿರುವ ಈ ಮಾಂಗಾ 2021ರ ಏಪ್ರಿಲ್‌ನಲ್ಲಿ ‘ಶೋನೆನ್ ಜಂಪ್ ಪ್ಲಸ್’ ಎಂಬ ಜಪಾನಿ ಡಿಜಿಟಲ್ ವೇದಿಕೆಯಲ್ಲಿ ಶುರುವಾಯಿತು. 2024ರ ಅಕ್ಟೋಬರ್‌ನಲ್ಲಿ ಇದರ ಅನಿಮೆ ಸರಣಿ ಬಂತು.

ಕಥೆ ಶುರುವಾಗುವುದೇ ವಾದದಿಂದ. ಶಾಲಾ ಹುಡುಗಿ ಮೊಮೊಗೆ ಪ್ರೇತಗಳಲ್ಲಿ ನಂಬಿಕೆ, ಅನ್ಯಗ್ರಹ ಜೀವಿಗಳಲ್ಲಿ ಇಲ್ಲ. ಅವಳ ಸಹಪಾಠಿ ಒಕರುನ್‌ಗೆ ಅನ್ಯಗ್ರಹ ಜೀವಿಗಳಲ್ಲಿ ನಂಬಿಕೆ, ಪ್ರೇತಗಳಲ್ಲಿ ಇಲ್ಲ. ಇಬ್ಬರೂ ಪಣ ಕಟ್ಟುತ್ತಾರೆ. ಅವಳು ಪಾಳುಬಿದ್ದ ಆಸ್ಪತ್ರೆಗೆ ಹೋಗುತ್ತಾಳೆ, ಅವನು ಪಾಳು ಸುರಂಗಕ್ಕೆ ಹೋಗುತ್ತಾನೆ. ಎರಡೂ ಕಡೆ ಎದುರಾಳಿಯ ಮಾತೇ ನಿಜವಾಗುತ್ತದೆ. ಸುರಂಗದಲ್ಲಿ ‘ಟರ್ಬೊ ಗ್ರ್ಯಾನಿ’ ಎಂಬ ಮುದುಕಿಯ ಪ್ರೇತ ಒಕರುನ್‌ಗೆ ಶಾಪ ಹಾಕುತ್ತದೆ. ಅಲ್ಲಿಂದ ಓಟ, ಹೊಡೆದಾಟ, ನಗು, ನಡುನಡುವೆ ಪ್ರೇಮ.

ಮೊದಲ ವಿಮರ್ಶಕರ ತಕರಾರು

“ಮಾರಾಯ, ಇಲ್ಲಿ ಪ್ರೇತ ಅಂದರೆ ಬ್ಯಾಟರಿ” ಎನ್ನುವುದು ಮೊದಲನೆಯವರ ವಾದ. ಒಕರುನ್‌ಗೆ ತಗುಲಿದ ಶಾಪವೇ ಅವನ ಆಯುಧವಾಗುತ್ತದೆ, ಅದರ ಬಲದಿಂದ ಮಿಂಚಿನಂತೆ ಓಡುತ್ತಾನೆ. ಸೋತ ಟರ್ಬೊ ಗ್ರ್ಯಾನಿ ಅದೃಷ್ಟದ ಬೆಕ್ಕಿನ ಗೊಂಬೆಯೊಳಗೆ ಸೇರಿಕೊಂಡು ಮನೆಯಲ್ಲಿ ತಮಾಷೆಯ ಪಾತ್ರವಾಗಿಬಿಡುತ್ತದೆ. ಒಂದು ಪ್ರೇತ ಮುಗಿಯಿತು ಎನ್ನುವಾಗ ಇನ್ನೊಂದು ಬರುತ್ತದೆ. ಹಳೆಯ ನಂಬಿಕೆಯೊಂದು ವಿಡಿಯೋ ಗೇಮ್‌ನ ಹಂತವಾಗಿದೆ ಎಂಬುದು ಅವರ ಬೇಸರ.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೊದಲ ಅಧ್ಯಾಯದಲ್ಲೇ ಮೊಮೊಳನ್ನು ಒಳ ಉಡುಪಿನಲ್ಲಿ ಕಟ್ಟಿಹಾಕುವ ದೃಶ್ಯವಿದೆ, ಅಶ್ಲೀಲ ಹಾಸ್ಯವೂ ಸಾಕಷ್ಟಿದೆ. ಇದು ಚಿಕ್ಕ ಮಕ್ಕಳ ಪುಸ್ತಕವಲ್ಲ. ಮನೆಯವರು ಗಮನಿಸಬೇಕಾದ ವಿಷಯ.

ಎರಡನೆಯವರ ಉತ್ತರ

“ಹೊಡೆದಾಟ ಮುಗಿದ ಮೇಲೆ ಏನಾಗುತ್ತದೆ, ಅದನ್ನು ಓದು” ಎನ್ನುತ್ತಾರೆ ಎರಡನೆಯವರು. ಸುರಂಗದ ಜಗಳ ಮುಗಿದ ನಂತರ ಮೊಮೊಳ ಅಜ್ಜಿ ಸೇಕೊ ಒಂದು ವಿಷಯ ಬಿಡಿಸಿ ಹೇಳುತ್ತಾಳೆ. ಆ ಜಾಗದಲ್ಲಿ ಹಿಂಸೆಗೆ ಬಲಿಯಾದ ಹುಡುಗಿಯರ ಆತ್ಮಗಳಿದ್ದವು, ಟರ್ಬೊ ಗ್ರ್ಯಾನಿ ಅಂಥ ಆತ್ಮಗಳನ್ನು ಸಮಾಧಾನ ಮಾಡುವವಳು. ಅಷ್ಟು ಹೊತ್ತು ಖಳನಾಯಕಿಯಂತೆ ಕಂಡವಳು ಕಾವಲುಗಾರ್ತಿಯೂ ಹೌದು.

‘ಆಕ್ರೊಬ್ಯಾಟಿಕ್ ಸಿಲ್ಕಿ’ ಎಂಬ ಇನ್ನೊಂದು ಯೋಕಾಯ್‌ನ ಕಥೆ ಇದಕ್ಕಿಂತ ಕಠೋರ. ಉದ್ದ ಕೂದಲು, ಕೆಂಪು ಉಡುಪು, ನೋಡಿದರೆ ಭಯ. ಆದರೆ ಬದುಕಿದ್ದಾಗ ಅವಳು ಒಂಟಿ ತಾಯಿ. ಸಾಲದ ಸುಳಿಯಲ್ಲಿ ಮಗಳನ್ನು ಕಳೆದುಕೊಂಡು ಪ್ರಾಣ ಬಿಟ್ಟವಳು. ಬೇರೆ ಹುಡುಗಿಯನ್ನು ತನ್ನ ಮಗಳೆಂದು ಭ್ರಮಿಸಿ ಹಿಂಬಾಲಿಸುವುದೇ ಅವಳ ‘ಅಪರಾಧ’. ಇಲ್ಲಿ ಓದುಗನಿಗೆ ಗೆಲುವಿನ ಖುಷಿ ಉಳಿಯುವುದಿಲ್ಲ.

ಅಜ್ಜಿ ಸೇಕೊ ಪಾತ್ರವನ್ನೂ ಕರಾವಳಿಯವರು ಬೇಗ ಗುರುತಿಸುತ್ತಾರೆ. ಅವಳು ಆತ್ಮಗಳೊಡನೆ ಮಾತಾಡುವ ಮಾಧ್ಯಮ. ತನ್ನ ಶಕ್ತಿಯನ್ನು ಆ ನೆಲದ ದೇವರಿಂದ ಪಡೆಯುತ್ತಾಳೆ, ಊರಿನ ಗಡಿ ದಾಟಿದರೆ ಆ ಶಕ್ತಿ ನಡೆಯುವುದಿಲ್ಲ. ಗ್ರಾಮಕ್ಕೊಂದು ದೈವ, ಸೀಮೆಗೊಂದು ದೈವ ಎಂದು ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಜಗಳದ ಮೂಲ ಒಂದು ಪದ

ಇಬ್ಬರೂ ಓದಿದ್ದು ಒಂದೇ ಪುಸ್ತಕ, ಆದರೆ ಒಬ್ಬರು ‘ದೆವ್ವ’ ಎಂದು ಓದಿದರು, ಇನ್ನೊಬ್ಬರು ‘ದೈವ’ ಎಂದು ಓದಿದರು. ಜಪಾನಿ ಭಾಷೆಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಹೆಸರುಗಳಿವೆ. ‘ಕಾಮಿ’ ಎಂದರೆ ಪೂಜೆಗೊಳ್ಳುವ ಶಕ್ತಿ. ‘ಯೂರೆ’ ಎಂದರೆ ಸತ್ತವರ ಪ್ರೇತ. ‘ಓನಿ’ ಎಂದರೆ ಕೊಂಬಿರುವ ರಕ್ಕಸ. ‘ಯೋಕಾಯ್’ ಎಂಬುದು ವಿಚಿತ್ರ ಜೀವಿ, ವಿಚಿತ್ರ ಘಟನೆಗಳಿಗೆಲ್ಲ ಬಳಸುವ ವಿಶಾಲ ಪದ. ನೂರು ವರ್ಷ ಬಳಸಿದ ಪಾತ್ರೆ, ಕೊಡೆಗಳಿಗೂ ಜೀವ ಬರುತ್ತದೆಂಬ ನಂಬಿಕೆ ಅಲ್ಲಿದೆ. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮ ಇಡುವ ನಮಗೆ ಇದು ತೀರಾ ದೂರದ ಮಾತಲ್ಲ.

ಇಂಗ್ಲಿಷ್‌ಗೆ ಬರುವಾಗ ಇವುಗಳಲ್ಲಿ ಹಲವು ‘ಡೀಮನ್’, ‘ಘೋಸ್ಟ್’ ಆಗಿಬಿಡುತ್ತವೆ. ‘ಡೀಮನ್ ಸ್ಲೇಯರ್’ನ ಡೀಮನ್‌ಗಳು ಮೂಲದಲ್ಲಿ ಓನಿಗಳು. ಆ ಕಥೆಯಲ್ಲೂ ಅವರು ಹಿಂದೆ ಮನುಷ್ಯರಾಗಿದ್ದವರೇ.

ನಮ್ಮ ಕರಾವಳಿಗೂ ಇದೇ ಆಗಿದೆ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಪಾಡ್ದನಗಳು ಅವರ ಮರಣಾನಂತರ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟವಾದವು. ಅವುಗಳಿಗೆ ಕೊಟ್ಟ ಇಂಗ್ಲಿಷ್ ಶೀರ್ಷಿಕೆಯ ಅರ್ಥ ‘ತುಳುವರ ದೆವ್ವದ ಪೂಜೆ’. ಅಮೂಲ್ಯ ಸಂಗ್ರಹ, ಆದರೆ ತಪ್ಪು ಪದ. ನೂರಮೂವತ್ತು ವರ್ಷ ಕಳೆದರೂ ಆ ಪದ ಬೆನ್ನು ಬಿಟ್ಟಿಲ್ಲ. 2025ರ ನವೆಂಬರ್ ಕೊನೆಯಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟ ರಣವೀರ್ ಸಿಂಗ್ ‘ಕಾಂತಾರ’ವನ್ನು ಹೊಗಳುವ ಭರದಲ್ಲಿ ದೈವವನ್ನು ಹೆಣ್ಣು ದೆವ್ವ ಎಂಬರ್ಥದಲ್ಲಿ ಕರೆದರು. ವಿರೋಧ ವ್ಯಕ್ತವಾದ ಮೇಲೆ ಕ್ಷಮೆ ಕೇಳಿದರು. ಹೊಗಳಿಕೆಯಲ್ಲೂ ಪದ ತಪ್ಪಿದರೆ ನೋವಾಗುತ್ತದೆ.

ಅನ್ಯಾಯದಿಂದ ಹುಟ್ಟುವ ಶಕ್ತಿಗಳು

ಪದವನ್ನು ಬದಿಗಿಟ್ಟು ಕಥೆ ನೋಡಿದರೆ ಜಪಾನ್ ಮತ್ತು ತುಳುನಾಡು ಅಚ್ಚರಿ ಹುಟ್ಟಿಸುವಷ್ಟು ಹತ್ತಿರ.

ಸುಗವಾರಾ ನೊ ಮಿಚಿಝಾನೆ ಜಪಾನ್ ಆಸ್ಥಾನದ ದೊಡ್ಡ ವಿದ್ವಾಂಸ. ಸುಳ್ಳು ಆರೋಪದ ಮೇಲೆ ಗಡಿಪಾರಾಗಿ 903ರಲ್ಲಿ ತೀರಿಕೊಂಡ. ನಂತರ ರಾಜಧಾನಿಯಲ್ಲಿ ಸಿಡಿಲು, ಸಾವು, ಅನಾಹುತಗಳಾದವು. ಇದು ಅವನ ಕೋಪವೇ ಎಂದು ಜನ ನಂಬಿದರು, ಗುಡಿ ಕಟ್ಟಿದರು. ಇಂದು ಅವನು ‘ತೆಂಜಿನ್’, ವಿದ್ಯೆಯ ದೇವರು. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳು ಅವನ ಗುಡಿಗೆ ಹೋಗುತ್ತಾರೆ. ‘ಜುಜುತ್ಸು ಕೈಸೆನ್’ ಎಂಬ ಜನಪ್ರಿಯ ಮಾಂಗಾದಲ್ಲಿ ಕೆಲವು ಪಾತ್ರಗಳನ್ನು ಇವನ ವಂಶಸ್ಥರೆಂದೇ ಹೇಳಲಾಗಿದೆ.

ಈಗ ಕಾರ್ಕಳಕ್ಕೆ ಬನ್ನಿ. 1432ರಲ್ಲಿ ಪ್ರತಿಷ್ಠಾಪನೆಯಾದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ ಎನ್ನುತ್ತದೆ ತುಳು ಪಾಡ್ದನ. ಇಂಥದ್ದನ್ನು ಇನ್ನೆಲ್ಲೂ ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಕೆರಳಿದಳು. ಇಬ್ಬರೂ ದೈವವಾದರು, ಅರಸನನ್ನು ಕಾಡಿದರು. ಇಂದಿಗೂ ಕಲ್ಲುರ್ಟಿಯ ಮುಂದೆ ನಿಂತು ನ್ಯಾಯ ಕೇಳುವವರಿದ್ದಾರೆ.

ಎರಡೂ ಕಡೆ ಸೂತ್ರ ಒಂದೇ. ಬದುಕಿದ್ದಾಗ ನ್ಯಾಯ ಸಿಗದವರು ಸತ್ತ ಮೇಲೆ ನ್ಯಾಯ ಕೊಡುವ ಶಕ್ತಿಯಾಗುತ್ತಾರೆ. ‘ಆಕ್ರೊಬ್ಯಾಟಿಕ್ ಸಿಲ್ಕಿ’ಯ ಕಥೆ ಮನಸ್ಸಿಗೆ ತಟ್ಟುವುದು ಈ ಹಳೆಯ ದಾರಿಯಲ್ಲೇ ಅದು ನಡೆಯುವುದರಿಂದ. ಆದರೆ ಅವಳಿಗೆ ಗುಡಿಯಿಲ್ಲ, ಪೂಜೆಯಿಲ್ಲ. ಹೀಗಾಗಿ ಮೊದಲ ವಿಮರ್ಶಕರ ‘ಬ್ಯಾಟರಿ’ ಮಾತು ಪೂರ್ತಿ ನಿಲ್ಲುವುದಿಲ್ಲ, ಎರಡನೆಯವರ ‘ದೈವ’ವೂ ಪೂರ್ತಿ ಹೊಂದುವುದಿಲ್ಲ.

ಜಪಾನಿಯರಿಗೆ ಯಾಕೆ ಸಿಟ್ಟು ಬರುವುದಿಲ್ಲ?

ಯೋಕಾಯ್‌ಗಳನ್ನು ಇಷ್ಟು ತಮಾಷೆ ಮಾಡಿದರೂ ಜಪಾನಿನಲ್ಲಿ ಪ್ರತಿಭಟನೆ ಏಳುವುದಿಲ್ಲ. ನಮ್ಮಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದಾಗ ದೈವದ ವೇಷ ತೊಟ್ಟು ಥಿಯೇಟರ್‌ಗೆ ಬರಬೇಡಿ, ಅನುಕರಣೆ ಮಾಡಬೇಡಿ ಎಂದು ಚಿತ್ರ ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಈ ವ್ಯತ್ಯಾಸಕ್ಕೆ ಕಾರಣವಿದೆ.

ಯೋಕಾಯ್‌ಗಳು ಅಚ್ಚಿನ ಮನೆಗೆ ಹೋಗಿ ಎರಡೂವರೆ ಶತಮಾನವಾಯಿತು. 1776ರಲ್ಲಿ ತೋರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಅವುಗಳ ಚಿತ್ರಸಂಪುಟ ತಂದ. ಮುಂದಿನ ಸಂಪುಟಗಳಲ್ಲಿ ತನ್ನ ಕಲ್ಪನೆಯ ಯೋಕಾಯ್‌ಗಳನ್ನೂ ಸೇರಿಸಿದ. 1960ರಿಂದ ಶಿಗೆರು ಮಿಝುಕಿ ‘ಕಿತಾರೊ’ ಮಾಂಗಾದ ಮೂಲಕ ಅವುಗಳನ್ನು ಮನೆಮನೆಗೆ ತಂದರು. ಅವರು ಬೆಳೆದ ಸಕಾಯ್‌ಮಿನಾತೊ ಊರಿನ ಬೀದಿಯಲ್ಲಿ ಇಂದು ಯೋಕಾಯ್‌ಗಳ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿವೆ. ಹೆಚ್ಚಿನ ಯೋಕಾಯ್‌ಗಳಿಗೆ ಹರಕೆ ಹೊರುವವರಿಲ್ಲ. ಹೀಗಾಗಿ ಅವು ಕಥೆಗಾರರ ಸೊತ್ತು.

ಆರಾಧನೆ ಇರುವ ಕಡೆ ಜಪಾನಿಯರೂ ಎಚ್ಚರದಿಂದಲೇ ಇರುತ್ತಾರೆ. 940ರಲ್ಲಿ ದಂಗೆ ಎದ್ದು ಸತ್ತ ತೈರಾ ನೊ ಮಸಕಾದೊ ಎಂಬ ಯೋಧನ ತಲೆಯದೆಂದು ನಂಬಲಾದ ಸಮಾಧಿ ಟೋಕಿಯೊದ ಓತೆಮಾಚಿಯಲ್ಲಿದೆ. ಸುತ್ತ ಬ್ಯಾಂಕು, ಗಗನಚುಂಬಿ ಕಟ್ಟಡಗಳು. ಅಷ್ಟು ದುಬಾರಿ ನೆಲದಲ್ಲೂ ಆ ತುಂಡು ಜಾಗವನ್ನು ಹಾಗೆಯೇ ಬಿಟ್ಟು ಕೈಮುಗಿಯುತ್ತಾರೆ.

ದೈವಗಳು ಈ ಸಮಾಧಿಯ ಸಾಲಿಗೆ ಸೇರಿದವು, ಚಿತ್ರಸಂಪುಟದ ಸಾಲಿಗಲ್ಲ. ಪಂಜುರ್ಲಿ, ಗುಳಿಗನಿಗೆ ಇಂದೂ ಕೋಲ ನಡೆಯುತ್ತದೆ. ಕಟ್ಟುವ ಕುಟುಂಬಗಳಿವೆ, ಕಟ್ಟುಕಟ್ಟಳೆಗಳಿವೆ. ಜಪಾನಿಯರು ಇಷ್ಟೆಲ್ಲ ಮಾಡುತ್ತಾರೆ, ನಾವು ಯಾಕೆ ದೈವದ ಫೈಟಿಂಗ್ ಕಾಮಿಕ್ಸ್ ಮಾಡಬಾರದು ಎಂದು ಕೇಳುವವರು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು.

ಪರೇಲ್‌ಗೆ ಇದರಿಂದೇನು?

ಜಪಾನಿನ ಜಾನಪದ ವಿದ್ವಾಂಸ ಕುನಿಯೊ ಯನಗಿತಾ ಒಂದು ಸರಳ ಭೇದ ಹೇಳಿದ್ದರು. ಯೂರೆ ವ್ಯಕ್ತಿಯನ್ನು ಹುಡುಕಿಕೊಂಡು ಬರುತ್ತದೆ, ಯೋಕಾಯ್ ತನ್ನ ಜಾಗದಲ್ಲೇ ಇರುತ್ತದೆ. ಮುಂದೆ ವಿದ್ವಾಂಸರು ಇದನ್ನು ಪ್ರಶ್ನಿಸಿದರೂ ಜಾಗದ ಮಾತು ಮುಖ್ಯವೇ.

ವಲಸೆ ಬಂದವರಿಗೆ ಇದು ನೇರ ತಟ್ಟುತ್ತದೆ. ದೈವ ಊರಿನಲ್ಲಿದೆ, ತಾವು ಮುಂಬೈಯಲ್ಲಿದ್ದೇವೆ. ಅದಕ್ಕೇ ಮುಂಬೈ ತುಳುವರು ನೇಮದ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗುತ್ತಾರೆ, ದೈವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕಳಿಸುತ್ತಾರೆ. ಕೊಂಕಣದ ಮನೆಗಳಲ್ಲೂ ಊರು ಕಾಯುವ ‘ರಾಖಣದಾರ’ನಿಗೆ ಇಂಥದ್ದೇ ಋಣವಿದೆ. ಮೂರನೆಯ ತಲೆಮಾರಿಗೆ ಊರಿನ ದಾರಿ ದೂರವಾಗಿದೆ. ಅವರಿಗೆ ನೆಲಕ್ಕಂಟಿದ ಆತ್ಮ ಎಂಬ ಕಲ್ಪನೆ ಈಗ ಮಾಂಗಾದಿಂದ ಬರುತ್ತಿದೆ, ಅದೂ ಇಂಗ್ಲಿಷ್ ಪದಗಳಲ್ಲಿ. ‘ಇನ್ಫಿನಿಟಿ ಕ್ಯಾಸಲ್’ ಭಾರತದಲ್ಲಿ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಪಂಜುರ್ಲಿಯನ್ನೂ ‘ಘೋಸ್ಟ್’ ಎಂದೇ ಕರೆಯುವ ಮಗುವಿನ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೆನೆಯಬೇಕು.

ಹಾಗಾದರೆ ತೀರ್ಪು ಏನು?

ಇಂಥ ಯಾವ ಮಾಂಗಾ ಅಥವಾ ಸಿನಿಮಾ ಎದುರಾದರೂ ಮೂರು ಪ್ರಶ್ನೆ ಕೇಳಬಹುದು. ಈ ಶಕ್ತಿಗೆ ಅದರದೇ ಹೆಸರು ಇದೆಯೇ, ಅಥವಾ ಎಲ್ಲವೂ ‘ದೆವ್ವ’ವೇ? ಅದಕ್ಕೊಂದು ಜಾಗ, ಒಂದು ನೋವು ಇದೆಯೇ, ಅಥವಾ ಬರೀ ಏಟು ತಿನ್ನಲು ಬಂದಿದೆಯೇ? ಅದನ್ನು ಇಂದಿಗೂ ಪೂಜಿಸುವವರು ಇದ್ದಾರೆಯೇ, ಇದ್ದರೆ ಅವರ ಬಗ್ಗೆ ಗೌರವ ಇದೆಯೇ?

‘ಡಂಡಡಾನ್’ ಮೊದಲ ಎರಡರಲ್ಲಿ ಪಾಸಾಗುತ್ತದೆ. ಮೂರನೆಯ ಪ್ರಶ್ನೆ ಅದರ ನಗರದಂತಕಥೆಯ ಮುದುಕಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಅಶ್ಲೀಲ ಹಾಸ್ಯದ ವಿಷಯದಲ್ಲಿ ಮೊದಲ ವಿಮರ್ಶಕರ ಅಂಕ ಹಾಗೇ ಉಳಿಯುತ್ತದೆ. ಒಟ್ಟಿನಲ್ಲಿ ಎರಡನೆಯವರು ಗೆದ್ದರು, ಕೂದಲೆಳೆಯ ಅಂತರದಲ್ಲಿ.

ಆದರೆ ಮನೆಯಲ್ಲಿ ಹದಿಹರೆಯದ ಮಗ ಇದನ್ನು ಓದುತ್ತಿದ್ದರೆ ಪುಸ್ತಕ ಕಿತ್ತುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಕೂತು ಕಲ್ಕುಡ-ಕಲ್ಲುರ್ಟಿಯ ಕಥೆ ಹೇಳುವುದು ಒಳ್ಳೆಯದು. ಸಿಲ್ಕಿಯ ದುಃಖ ಅರ್ಥವಾದ ಹುಡುಗನಿಗೆ ಕೈ ಕಳೆದುಕೊಂಡ ಶಿಲ್ಪಿಯ ದುಃಖವೂ ಅರ್ಥವಾಗುತ್ತದೆ. ಮುಂದಿನ ನೇಮಕ್ಕೆ ಊರಿಗೆ ಹೊರಟಾಗ ಅವನು ದೀವಟಿಗೆಯ ಬೆಳಕಿನಲ್ಲಿ ನಿಂತು ನೋಡುವುದು ದೆವ್ವವನ್ನಾಗಿರುವುದಿಲ್ಲ.