ಹಮಾಮತ್ಸುವಿನ ಮಗ್ಗ, ಮಂಗಳೂರಿನ ಖಾಕಿ

ಜಪಾನಿನ ಹಮಾಮತ್ಸು ಎಂಬ ಊರಿನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆದರೆ ಆ ಊರಿನ ಕಂಪನಿಗಳ ಸಾಮಾನು ಮುಟ್ಟದವರು ಕಡಿಮೆ. ಮಾರುತಿ ಜೊತೆ ಸೇರಿದ ಸುಜುಕಿ, ಹೋಂಡಾ ಬೈಕು, ರಾಜ್ಯೋತ್ಸವದ ವೇದಿಕೆಯಲ್ಲಿ ನುಡಿಸುವ ಯಮಹಾ ಕೀಬೋರ್ಡು, ಈ ಮೂರು ಕಂಪನಿಗಳೂ ಹುಟ್ಟಿದ್ದು ಟೋಕಿಯೊ ಮತ್ತು ಒಸಾಕಾ ನಡುವಿನ ಈ ಒಂದೇ ಊರಿನಲ್ಲಿ.

ಸುಜುಕಿ ಮೊದಲು ಮಾಡಿದ್ದು ಕಾರಲ್ಲ, ಮಗ್ಗ. 1909ರಲ್ಲಿ ಮಿಚಿಯೊ ಸುಜುಕಿ ಇಲ್ಲಿ ಮಗ್ಗದ ಕಾರ್ಖಾನೆ ತೆರೆದರು. ನಾವು ಇಲ್ಲಿ ದಿನಾ ನೋಡುವ ಟೊಯೊಟಾ ಪಿಕಪ್‌ಗಳ ಕಂಪನಿಯ ಬೇರೂ ಮಗ್ಗದಲ್ಲೇ ಇದೆ. ಅದರ ಮೂಲಪುರುಷ ಸಾಕಿಚಿ ಟೊಯೊಡಾ 1867ರಲ್ಲಿ ಹುಟ್ಟಿದ್ದು ಹಮಾಮತ್ಸು ಪಕ್ಕದ ಕೊಸಾಯ್‌ನಲ್ಲಿ. ಎನ್‌ಶೂ ಎಂಬ ಹಳೆಯ ಹೆಸರಿನ ಈ ಸೀಮೆ ಹತ್ತಿಬಟ್ಟೆಗೆ ಇಂದಿಗೂ ಹೆಸರುವಾಸಿ.

ಶತ್ರುವಿನ ಅಂಗಿ

ಎರಡನೇ ಮಹಾಯುದ್ಧದಲ್ಲಿ ಈ ಊರು ಯುದ್ಧಸಾಮಗ್ರಿ ಮಾಡಿತು. ಪಿಯಾನೊ ತಯಾರಿಸುತ್ತಿದ್ದ ಕಾರ್ಖಾನೆ ವಿಮಾನದ ಪ್ರೊಪೆಲ್ಲರ್ ಮಾಡಿತು. ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತಿತು. 1945ರ ಜೂನ್ 18ರಂದು ಅಮೆರಿಕದ ಬಿ-29 ವಿಮಾನಗಳು ಬೆಂಕಿಬಾಂಬು ಸುರಿದವು. ಜುಲೈ 29ರ ರಾತ್ರಿ ಅಮೆರಿಕ ಮತ್ತು ಬ್ರಿಟನ್ನಿನ ಯುದ್ಧನೌಕೆಗಳು ಸಮುದ್ರದಿಂದಲೇ ಫಿರಂಗಿ ಹಾರಿಸಿದವು.

ಯುದ್ಧ ಸೋತ ಮೇಲೆ ಅಮೆರಿಕದ ಸೈನಿಕರು 1952ರವರೆಗೆ ಜಪಾನನ್ನು ಹಿಡಿತದಲ್ಲಿಟ್ಟುಕೊಂಡಿದ್ದರು. ಅವರ ಉಡುಪು ಟೋಕಿಯೊದ ಉಯೆನೊ ಬಳಿಯ ಅಮೆಯೊಕೊ ಸಂತೆಗೆ ಬಂತು. ಉಡಲು ಬಟ್ಟೆಯೇ ಇಲ್ಲದ ಕಾಲದಲ್ಲಿ ಆ ಗಟ್ಟಿ ಪ್ಯಾಂಟು, ಜಾಕೆಟ್ಟುಗಳಿಗೆ ಜನ ಮುಗಿಬಿದ್ದರು. ಶತ್ರುವಿನ ಅಂಗಿಯೇ ಮುಂದಿನ ಪೀಳಿಗೆಯ ಹುಡುಗರಿಗೆ ಫ್ಯಾಷನ್ ಆಯಿತು.

ಹಳೆಯ ಅಸಲಿ ಉಡುಪು ಸಿಗುವುದು ಕಷ್ಟವಾದಾಗ ಜಪಾನಿನವರು ಅದರ ಪಡಿಯಚ್ಚು ಹೊಲಿಯಲು ಕೂತರು. ಟೋಕಿಯೊದಲ್ಲಿ 1993ರಲ್ಲಿ ಶುರುವಾದ ಬಝ್ ರಿಕ್ಸನ್ಸ್, ಕೋಬೆಯ ದಿ ರಿಯಲ್ ಮೆಕಾಯ್ಸ್ ಇಂಥ ಕೆಲಸಕ್ಕೆ ಹೆಸರಾದ ಬ್ರಾಂಡುಗಳು. ಹಳೆಯ ಜಾಕೆಟ್ಟನ್ನು ಬಿಚ್ಚಿ ಹರವಿ, ನೂಲಿನ ದಪ್ಪ, ಹೊಲಿಗೆಯ ಸಾಲು, ಜಿಪ್ಪಿನ ಹಲ್ಲು, ಒಳಗಿನ ಲೇಬಲ್ಲಿನ ಅಕ್ಷರ ಎಲ್ಲವನ್ನೂ ನೋಡಿ ನೋಡಿ ಮತ್ತೆ ಮಾಡುತ್ತಾರೆ.

ಇದನ್ನು ಕೊಳ್ಳುವವರು ಎರಡು ಬಗೆ. ಒಬ್ಬರು ಬರೀ ಚಂದಕ್ಕೆ ತೊಡುವವರು. ಇನ್ನೊಬ್ಬರು ಹಳೆಯ ಯುದ್ಧದ ಸನ್ನಿವೇಶಗಳನ್ನು ಬಯಲಿನಲ್ಲಿ ವೇಷ ಕಟ್ಟಿ ಮತ್ತೆ ಅಭಿನಯಿಸುವವರು. ಅಮೆರಿಕ, ಯುರೋಪಿನಲ್ಲಿ ಈ ಹವ್ಯಾಸ ದೊಡ್ಡದು, ಜಪಾನಿನಲ್ಲೂ ಇದೆ. 1944ರ ದೃಶ್ಯಕ್ಕೆ 1951ರ ಜಾಕೆಟ್ ತೊಟ್ಟು ಬಂದರೆ ಅಲ್ಲಿ ಯಾರೂ ಸುಮ್ಮನಿರುವುದಿಲ್ಲ. ಯಕ್ಷಗಾನ ಬಲ್ಲ ನಮಗೆ ಇದು ಹೊಸತಲ್ಲ. ತೆಂಕುತಿಟ್ಟಿನ ವೇಷಕ್ಕೆ ಬಡಗುತಿಟ್ಟಿನ ಮುಂಡಾಸು ಕಟ್ಟಿದರೆ ರಂಗಸ್ಥಳದ ಎದುರು ಕುಳಿತ ಅಜ್ಜನೇ ಗದರುತ್ತಾನೆ.

ಲಾಳಿಯ ಲೆಕ್ಕ

ಪಡಿಯಚ್ಚು ಚೆನ್ನಾಗಿ ಬರಬೇಕಾದರೆ ಹೊಲಿಗೆಗಿಂತ ಮೊದಲು ಬಟ್ಟೆ ಸರಿಯಿರಬೇಕು. ಆಗಿನ ಬಟ್ಟೆ ನೇಯ್ದದ್ದು ಲಾಳಿ ಓಡುವ ಮಗ್ಗದಲ್ಲಿ. ಲಾಳಿ ಹೊಕ್ಕಿನ ನೂಲನ್ನು ಅತ್ತಿಂದಿತ್ತ ಒಯ್ದು ತಿರುಗಿ ಬರುವಾಗ ಅಂಚು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಸಿನ ನೂಲನ್ನು ವಿಪರೀತ ಬಿಗಿ ಎಳೆಯದ ಕಾರಣ ಬಟ್ಟೆಗೆ ಒಂದು ಮೃದುತನ ಬರುತ್ತದೆ. ಈಗಿನ ಮಗ್ಗಕ್ಕೆ ಲಾಳಿಯೇ ಇಲ್ಲ, ವೇಗ ಹಲವು ಪಟ್ಟು, ಬಟ್ಟೆಯೂ ಅಗಲ.

1950ರ ಸುಮಾರಿಗೆ ಜಪಾನಿನ ನೇಕಾರರಲ್ಲಿ ‘ಗಾಚಾಮಾನ್’ ಎಂಬ ಮಾತಿತ್ತು. ಮಗ್ಗ ಒಮ್ಮೆ ಗಾಚಾ ಎಂದರೆ ಹತ್ತು ಸಾವಿರ ಯೆನ್ ಬಂತು ಎಂದು ಅರ್ಥ. ಆ ಕಾಲ ಬಹಳ ದಿನ ಉಳಿಯಲಿಲ್ಲ. ಅಗ್ಗದ ಬಟ್ಟೆ ಹೊರಗಿನಿಂದ ಬಂತು, ಗಿರಣಿಗಳು ಮುಚ್ಚಿದವು, ಮಗ್ಗಗಳು ಗುಜರಿಗೆ ಹೋದವು. ಎನ್‌ಶೂ ಸೀಮೆಯಲ್ಲಿ ಉಳಿದ ಕೆಲವರು ಮಾತ್ರ ಹಳೆಯ ಲಾಳಿಮಗ್ಗ ಬಿಡಲಿಲ್ಲ. ನಿಧಾನವಾಗಿ ಒತ್ತಾಗಿ ನೇಯ್ದ ಅವರ ಹತ್ತಿಬಟ್ಟೆಗೆ ಇವತ್ತು ಒಳ್ಳೆಯ ಬೆಲೆಯಿದೆ. ಆದರೆ ಆ ಮಗ್ಗಗಳನ್ನು ಈಗ ಯಾರೂ ಮಾಡುವುದಿಲ್ಲ. ಒಂದು ಕೆಟ್ಟರೆ ಇನ್ನೊಂದರ ಭಾಗ ಕಳಚಿ ಹಾಕಬೇಕು. ಸದ್ದು ಕೇಳಿಯೇ ಎಲ್ಲಿ ತೊಂದರೆ ಎಂದು ಹೇಳಬಲ್ಲ ಕೈಗಳಿಗೆ ವಯಸ್ಸಾಗಿದೆ.

ಬಲ್ಮಠದ ಬಣ್ಣ

ಅಮೆರಿಕದ ಸೈನಿಕರ ಬೇಸಿಗೆ ಉಡುಪಿನ ಬಣ್ಣ ಖಾಕಿ. ಖಾಕ್ ಎಂದರೆ ಪಾರ್ಸಿ ಭಾಷೆಯಲ್ಲಿ ಮಣ್ಣು, ಧೂಳು. 1840ರ ದಶಕದಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡೆನ್ ಎಂಬ ಬ್ರಿಟಿಷ್ ಅಧಿಕಾರಿ ತನ್ನ ಪಡೆಗೆ ಮಣ್ಣುಬಣ್ಣದ ಬಟ್ಟೆ ಕೊಟ್ಟ. ಮುಂದೆ 1851ರಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಬಲ್ಲ ಜಾನ್ ಹಾಲರ್ ಮಂಗಳೂರಿಗೆ ಬಂದರು. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಅವರು ಖಾಕಿ ಬಣ್ಣವನ್ನು ಹದಗೊಳಿಸಿದರು ಎಂಬುದು ಮಂಗಳೂರಿನ ಚರಿತ್ರೆಯಲ್ಲಿ ಹೆಮ್ಮೆಯಿಂದ ಹೇಳುವ ಮಾತು. ಮಗ್ಗದಲ್ಲಿ ಕೂತವರು ನಮ್ಮ ತುಳುನಾಡಿನವರೇ. 1898ರಲ್ಲಿ ಸ್ಪೇನಿನ ಜೊತೆ ಯುದ್ಧ ಮಾಡುವಾಗ ಅಮೆರಿಕದ ಸೇನೆಯೂ ನೀಲಿ ಬಿಟ್ಟು ಖಾಕಿಗೆ ತಿರುಗಿತು.

ಹೀಗೆ ನಮ್ಮ ನಾಡೂ ಪಾಲುಕೊಟ್ಟ ಬಣ್ಣ ಲೋಕ ಸುತ್ತಿ ಜಪಾನಿನ ಪಡಿಯಚ್ಚಿನ ಅಂಗಡಿಗಳಿಗೆ ಬಂದಿದೆ. ಅಲ್ಲಿ ಒಂದು ಗುಂಡಿಯ ಆಕಾರಕ್ಕೂ ಗ್ರಂಥ ನೋಡುತ್ತಾರೆ. ನಮ್ಮಲ್ಲಿ ಬಾಸೆಲ್ ಮಿಷನ್ ಹೆಂಚು ಎಂದರೆ ಎಲ್ಲರಿಗೂ ಗೊತ್ತು, ಆದರೆ ಅದೇ ಮಿಷನ್ನಿನ ಬಟ್ಟೆ ಎಂದರೆ ‘ಹೌದಾ?’ ಎಂದು ಕೇಳುವವರೇ ಹೆಚ್ಚು. ಆಟೋ ಓಡಿಸುವ ಅಣ್ಣನ ಖಾಕಿ ಅಂಗಿಗೆ ಬಲ್ಮಠದ ನೆನಪು ತಳುಕು ಹಾಕಿಕೊಂಡಿದೆ ಎಂದು ನಾವು ಮಕ್ಕಳಿಗೆ ಹೇಳಿಲ್ಲ.

ಹಮಾಮತ್ಸು ತನ್ನನ್ನು ಸುಟ್ಟವರ ಉಡುಪನ್ನು ಪೂಜಿಸುತ್ತಿದೆ ಎಂದು ಇದರ ಅರ್ಥವಲ್ಲ. ಸೈನಿಕ ಯಾರೇ ಇರಲಿ, ನೇಯ್ದವನ ಕೆಲಸ ಅಚ್ಚುಕಟ್ಟಾಗಿರಬೇಕು ಎಂಬ ಹಟ ಅಲ್ಲಿನ ಮಗ್ಗಗಳಲ್ಲಿದೆ. ಕವರಾಲ್ ತೊಟ್ಟು ಸೈಟಿಗೆ ಹೋಗುವ, ಟೈಲರಿಂಗ್ ಅಂಗಡಿಯಲ್ಲಿ ಇನ್ನೊಬ್ಬರ ಯೂನಿಫಾರ್ಮ್ ಹೊಲಿಯುವ ನಮಗೆ ಆ ಹಟ ಅರ್ಥವಾಗುತ್ತದೆ. ಯೂನಿಫಾರ್ಮಿನ ಮೇಲೆ ಕಂಪನಿಯ ಹೆಸರು ಇರುತ್ತದೆ, ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ಈ ಸಲ ರಜೆಗೆ ಮಂಗಳೂರಿಗೆ ಹೋದಾಗ ಬಲ್ಮಠದ ದಾರಿಯಲ್ಲಿ ಮಕ್ಕಳ ಕೈಹಿಡಿದು ಒಮ್ಮೆ ನಡೆಯಿರಿ. ಮಗ್ಗದಲ್ಲಿ ಕೂತಿದ್ದ ಆ ಹೆಸರಿಲ್ಲದವರ ಕತೆಯನ್ನು ಅಲ್ಲೇ ನಿಂತು ಹೇಳಿರಿ.