ರೇಷ್ಮೆ ಹುಳುವಿನ ಸಂಕರವೂ ಗೂಡಿನ ಬಣ್ಣವೂ

ಬೆಂಗಳೂರು ನಗರ್ತಪೇಟೆಯ ಜವಳಿ ಅಂಗಡಿಗಳಿಗೆ ಬರುವ ರೇಷ್ಮೆ ಬಟ್ಟೆಯ ಅಂದವು ನೂಲಿನ ಸಮತೆಯನ್ನು ಅವಲಂಬಿಸಿರುವುದು. ನೂಲು ಸಮವಾಗಿರಬೇಕಾದರೆ ಗೂಡುಗಳು ಒಂದೇ ಬಗೆಯವಾಗಿರಬೇಕು. ಮಿಶ್ರತಳಿಯ ಉತ್ತಮ ಬೆಳೆಯಿಂದಲೇ ಮುಂದಿನ ಬೆಳೆಗೆ ಮೊಟ್ಟೆಯನ್ನು ಇರಿಸಿಕೊಂಡರೆ ಈ ಸಮತೆಯು ಏಕೆ ಕೆಡುವುದೆಂಬುದನ್ನು ಗೂಡಿನ ಬಣ್ಣದ ದೃಷ್ಟಾಂತದಿಂದ ತಿಳಿಯಬಹುದು.

ಒಂದು ಗುಣವನ್ನು ಒಂದೇ ಜೊತೆ ವಂಶವಾಹಿಗಳು ನಿರ್ಣಯಿಸಿದಲ್ಲಿ, ಸಂಕರದ ಎರಡನೆಯ ತಲೆಮಾರಿನಲ್ಲಿ ಪ್ರಬಲ ಗುಣವು 3 ಪಾಲು, ದುರ್ಬಲ ಗುಣವು 1 ಪಾಲು ತೋರುವುದೆಂದು ಮೆಂಡಲ್ ಪಂಡಿತನು 1866ರಲ್ಲಿ ಪ್ರಕಟಿಸಿದನು. ಜಪಾನಿನ ಟೊಯಾಮ ಎಂಬುವರು 1906ರಲ್ಲಿ ರೇಷ್ಮೆ ಹುಳುವಿಗೂ ಈ ನಿಯಮವು ಸಲ್ಲುವುದೆಂದು ತೋರಿಸಿದರು. ಆದರೆ ಎರಡು ವಂಶವಾಹಿಗಳು ಕೂಡಿ ಒಂದು ಗುಣವನ್ನುಂಟುಮಾಡುವಾಗ ಈ ಲೆಕ್ಕವು ಬದಲಾಗುವುದು.

ಗೂಡಿನ ಹಳದಿ ಬಣ್ಣವು ಹಿಪ್ಪುನೇರಳೆ ಸೊಪ್ಪಿನಿಂದ ಬರತಕ್ಕದ್ದು. ಒಂದು ವಂಶವಾಹಿಯು ಬಣ್ಣವನ್ನು ಹುಳುವಿನ ಕರುಳಿನಿಂದ ರಕ್ತಕ್ಕೆ ಬಿಡುವುದು. ಮತ್ತೊಂದು ಅದನ್ನು ರಕ್ತದಿಂದ ರೇಷ್ಮೆಯ ಗ್ರಂಥಿಗೆ ಸೇರಿಸುವುದು. ಕೆರೆಯ ತೂಬು ತೆರೆದಿದ್ದರೂ ಗದ್ದೆಯ ಮಡೆ ಮುಚ್ಚಿದ್ದರೆ ಪೈರಿಗೆ ನೀರಿಲ್ಲ; ಮಡೆ ತೆರೆದಿದ್ದು ತೂಬು ಮುಚ್ಚಿದ್ದರೂ ಹಾಗೆಯೇ. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಗೂಡು ಬಿಳಿಯಾಗುವುದು.

ಆದುದರಿಂದ ಮೊದಲನೆಯದು ಮಾತ್ರವುಳ್ಳ ಬಿಳಿಯ ತಳಿಯನ್ನು ಎರಡನೆಯದು ಮಾತ್ರವುಳ್ಳ ಬಿಳಿಯ ತಳಿಯೊಡನೆ ಕೂಡಿಸಿದರೆ ಮೊದಲ ತಲೆಮಾರಿನ ಗೂಡುಗಳೆಲ್ಲವೂ ಹಳದಿಯಾಗುವುವು. ಆ ಸಂತಾನವನ್ನು ತಮ್ಮತಮ್ಮೊಳಗೆ ಕೂಡಿಸಿದರೆ ಸರಾಸರಿ 16ರಲ್ಲಿ 9 ಹಳದಿ, 7 ಬಿಳಿ. ಈ 7ರಲ್ಲಿ 3 ಹುಳುಗಳ ರಕ್ತವು ಹಳದಿಯಾಗಿದ್ದರೂ ಗೂಡು ಬಿಳಿಯಾಗಿರುವುದು. ಇನ್ನು ಕೆಲವು ಬಿಳಿಯ ತಳಿಗಳಲ್ಲಿ ಹಳದಿಯನ್ನು ತಡೆಯುವ ಪ್ರಬಲ ವಂಶವಾಹಿಯೇ ಬೇರೆ ಉಂಟು. ಅಂಥ ಸಂಕರದ ಮೊದಲ ತಲೆಮಾರು ಬಿಳಿಯಾಗಿದ್ದು, ಎರಡನೆಯದರಲ್ಲಿ 13 ಬಿಳಿಗೆ 3 ಹಳದಿ ಕಾಣಿಸಿಕೊಳ್ಳಬಹುದು.

ಬಣ್ಣವು ಕಣ್ಣಿಗೆ ಕಾಣುವ ಸಾಕ್ಷಿ ಮಾತ್ರ. ನೂಲು ಬೇಯಿಸಿದಾಗ ಅದು ಬಹುಮಟ್ಟಿಗೆ ಹೋಗುವುದು. ಆದರೆ ಗೂಡಿನ ತೂಕ, ಎಳೆಯ ಉದ್ದ, ಹುಳುವಿನ ಸಹನಶಕ್ತಿ ಇವು ಅನೇಕ ವಂಶವಾಹಿಗಳಿಗೆ ಅಧೀನವಾಗಿದ್ದು, ಎರಡನೆಯ ತಲೆಮಾರಿನಲ್ಲಿ ಅವೂ ಹೀಗೆಯೇ ಚದರುವುವು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಉತ್ಕರ್ಷವು ಮೊದಲ ತಲೆಮಾರಿಗೇ ಹೆಚ್ಚಾಗಿ ಮೀಸಲು.

ಆದುದರಿಂದ ರೈತರು ಬೆಳೆಯ ಗೂಡನ್ನು ಮಾರುಕಟ್ಟೆಗೆ ಒಯ್ದು, ಪ್ರತಿಯೊಂದು ಬೆಳೆಗೂ ಬಿತ್ತನೆ ಕೋಠಿಯಿಂದ ರೋಗರಹಿತ ಮೊಟ್ಟೆಯನ್ನೇ ತರತಕ್ಕದ್ದು. ಗ್ರಾಮದ ಮುಖಂಡರೂ ಭೂಮಾಲಿಕರೂ ಈ ವಿಷಯವನ್ನು ಹುಳು ಸಾಕುವವರೆಲ್ಲರಿಗೂ ಮನದಟ್ಟು ಮಾಡಿಕೊಟ್ಟರೆ ಮೊಟ್ಟೆಯ ಬೆಲೆಯನ್ನು ಉಳಿಸಲು ಹೋಗಿ ಗೂಡಿನ ಬೆಲೆಯನ್ನು ಕಳೆದುಕೊಳ್ಳುವುದು ತಪ್ಪುವುದು.