ಭಾನುವಾರದ ಚಿತ್ರಗಾರರು

“ರಸ್ತೆ ಅಗಲ ಮಾಡುತ್ತಾರೇನು, ಸ್ವಾಮಿ?”

ಬಾಣಸವಾಡಿಯ ಹಳೆಯ ಊರಿನ ಬೀದಿಯೊಂದರಲ್ಲಿ, ಇನ್ನೂ ಬಾಗಿಲು ತೆರೆಯದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಎದುರಿನ ಹೆಂಚಿನ ಮನೆಯ ಚಿತ್ರ ಬರೆಯುತ್ತಿದ್ದಾಗ, ಹಾಲಿನ ಪೊಟ್ಟಣ ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನನ್ನನ್ನು ಕೇಳಿದ ಪ್ರಶ್ನೆಯಿದು. ಅವರ ಆತಂಕದಲ್ಲಿ ತಪ್ಪೇನೂ ಇರಲಿಲ್ಲ. ಕಾಗದ, ಪೆನ್ಸಿಲು ಹಿಡಿದು, ಕಣ್ಣು ಕಿರಿದುಮಾಡಿ ಮನೆಗಳನ್ನು ದಿಟ್ಟಿಸುವವನು ಅಳತೆಗೆ ಬಂದ ಸರ್ಕಾರದವನಲ್ಲದೆ ಮತ್ತಾರಾಗಿರಲು ಸಾಧ್ಯ? “ಇಲ್ಲ ಯಜಮಾನರೆ, ಸುಮ್ಮನೆ ಚಿತ್ರ ಬರೆಯುತ್ತಿದ್ದೇನೆ” ಎಂದೆ. “ಸುಮ್ಮನೆಯೆ?” ಎಂದು ಅವರು ನನ್ನ ಮುಖವನ್ನೂ ಹಾಳೆಯನ್ನೂ ಒಂದೆರಡು ಬಾರಿ ನೋಡಿ, ಪೂರ್ತಿ ನಂಬದೆಯೇ ಮುಂದೆ ನಡೆದರು.

ಆ “ಸುಮ್ಮನೆ” ಎಂಬ ಶಬ್ದದಲ್ಲಿ ಏನೇನು ಅಡಗಿದೆ ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಟ್ಟದಿಂದ ಇಳಿದ ಪೆಟ್ಟಿಗೆ

ನಮ್ಮ ಮನೆಗಳಲ್ಲಿ ಮಕ್ಕಳು ಚಿತ್ರ ಬರೆಯುವುದಕ್ಕೆ ಒಂದು ವಯಸ್ಸಿನವರೆಗೆ ಎಲ್ಲಿಲ್ಲದ ಪ್ರೋತ್ಸಾಹವುಂಟು. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಹೊಳೆಯ ದಡದಲ್ಲಿ ಒಂದು ತೆಂಗಿನ ಮರ - ಈ ಚಿತ್ರವನ್ನು ಬಂದ ನೆಂಟರಿಗೆಲ್ಲ ತೋರಿಸದ ತಾಯಿಯಿಲ್ಲ. ಆದರೆ ಹುಡುಗ ಎಸ್.ಎಸ್.ಎಲ್.ಸಿ.ಯ ಹೊಸಿಲಿಗೆ ಬಂದೊಡನೆ ಗಾಳಿ ತಿರುಗುತ್ತದೆ. “ಇದಕ್ಕೆ ಮಾರ್ಕು ಕೊಡುತ್ತಾರೆಯೆ?” ಎಂಬ ಒಂದೇ ಪ್ರಶ್ನೆಗೆ ಬಣ್ಣದ ಪೆಟ್ಟಿಗೆ ಅಟ್ಟವನ್ನೇರುತ್ತದೆ. ನನ್ನ ಪೆಟ್ಟಿಗೆಯೂ ಹಾಗೆಯೇ ಏರಿತ್ತು. ಇಪ್ಪತ್ತು ವರ್ಷಗಳ ಮೇಲೆ, ಹಳೆಯ ಪುಸ್ತಕಗಳನ್ನು ಹುಡುಕಲು ಹೋದವನಿಗೆ ಅದು ಸಿಕ್ಕಿತು. ತೆರೆದು ನೋಡಿದರೆ ಬಣ್ಣದ ಬಿಲ್ಲೆಗಳು ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದುವು. ಒಂದು ಹನಿ ನೀರು ಹಾಕಿ ಕುಂಚವನ್ನಾಡಿಸಿದೆ. ನೀಲಿ ಒಡನೆಯೇ ಎದ್ದು ಬಂತು! ಇಷ್ಟು ಕಾಲ ಮುನಿಸಿಕೊಳ್ಳದೆ ಕಾದುಕೊಂಡಿದ್ದ ಆ ನೀಲಿಯ ಮುಂದೆ ನನಗೆ ನಾಚಿಕೆಯಾಯಿತು.

ಹೀಗೆ ಅಟ್ಟದಿಂದ ಪೆಟ್ಟಿಗೆ ಇಳಿಸಿದವರು ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ ಅಲ್ಲವೆಂದು ಬರಬರುತ್ತ ತಿಳಿಯಿತು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರೊಬ್ಬರು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ಕಾಣುವ ನುಗ್ಗೆಮರವನ್ನೇ ಹತ್ತಾರು ಬಾರಿ ಬರೆದಿದ್ದ ಗೃಹಿಣಿಯೊಬ್ಬರು, ಬ್ಯಾಂಕಿನ ಒಬ್ಬ ಉದ್ಯೋಗಿ, ಇಡೀ ವಾರ ಕಂಪ್ಯೂಟರಿನ ಮುಂದೆ ಕುಳಿತು ಕಣ್ಣು ಬತ್ತಿಸಿಕೊಂಡ ತರುಣನೊಬ್ಬ - ನಾವು ಐವರು. ಭಾನುವಾರ ಬೆಳಗ್ಗೆ ಏಳಕ್ಕೆ ಒಂದೆಡೆ ಸೇರುವುದು, ಒಂದೂವರೆ ಗಂಟೆ ಬರೆಯುವುದು, ಅನಂತರ ಕಾಫಿ. ಸಂಘವಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಆದ್ದರಿಂದ ಜಗಳವೂ ಇಲ್ಲ.

ಇದು ನಮ್ಮ ಬಡಾವಣೆಯೊಂದರ ಹುಚ್ಚೂ ಅಲ್ಲ. ನಗರದ ಬೀದಿಯಲ್ಲೇ ಕುಳಿತು, ಕಣ್ಣೆದುರು ಕಂಡುದನ್ನು ಕಂಡಂತೆ ಬರೆಯಬೇಕೆಂಬ ಹವ್ಯಾಸಕ್ಕೆ ಈಗ ಜಗತ್ತಿನಾದ್ಯಂತ ಬಳಗಗಳಿವೆ. ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಚಿತ್ರವನ್ನು ಸ್ಥಳದಲ್ಲಿಯೇ ಬರೆಯಬೇಕು, ಬರೆದುದನ್ನು ಪರಸ್ಪರ ಹಂಚಿಕೊಳ್ಳಬೇಕು ಎಂಬುವು ಅದರ ಮುಖ್ಯ ನಿಯಮಗಳು. ನಮ್ಮ ಬೆಂಗಳೂರಿನಲ್ಲಿಯೇ ‘ಪೆನ್ಸಿಲ್ ಜ್ಯಾಮ್’ ಎಂಬ ಬಳಗದವರು ರಜಾದಿನಗಳಲ್ಲಿ ಉದ್ಯಾನ, ಮಾರುಕಟ್ಟೆ, ಹಳೆಯ ಬೀದಿಗಳಲ್ಲಿ ಕೂಡಿ ಬರೆಯುವ ಪದ್ಧತಿಯನ್ನು ಬೆಳೆಸಿದ್ದಾರೆ.

ದಂಡಿನವರು ಬಿಟ್ಟುಹೋದ ಗುರುತು

ಬೆಂಗಳೂರಿನ ಹವ್ಯಾಸಿ ಚಿತ್ರಗಾರರ ಇತಿಹಾಸ ದಂಡುಪ್ರದೇಶಕ್ಕಿಂತಲೂ ಹಳೆಯದು. ಇಲ್ಲಿ ದಂಡು ನೆಲೆಸಿದ್ದು 1809ರಲ್ಲಿ. ಅದಕ್ಕೂ ಮೊದಲು, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಬ್ರಿಟಿಷರ ಫಿರಂಗಿ ಪಡೆಯೊಡನೆ ಬಂದ ಜೇಮ್ಸ್ ಹಂಟರ್ ಎಂಬ ಲೆಫ್ಟಿನೆಂಟ್ ಇಲ್ಲಿನ ಕೋಟೆಯನ್ನೂ ಟಿಪ್ಪುವಿನ ಅರಮನೆಯನ್ನೂ ಚಿತ್ರಿಸಿದ. ಆತ 1792ರಲ್ಲಿ ತೀರಿಕೊಂಡ. ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದದ್ದು 1804-05ರ ವೇಳೆಗೆ. ಕ್ಯಾಮೆರಾ ಹುಟ್ಟುವ ಮೊದಲಿನ ಬೆಂಗಳೂರು ಹೇಗಿತ್ತೆಂದು ತಿಳಿಯಬೇಕಾದರೆ ಇಂದು ನಾವು ಆ ಸಿಪಾಯಿಯ ಕಣ್ಣುಗಳನ್ನೇ ಸಾಲ ಪಡೆಯಬೇಕಾಗಿದೆ. ಗೆಲ್ಲಲು ಬಂದವನ ಕಣ್ಣು ಅದು ಎಂಬುದು ನಿಜ. ಆದರೂ ಗೋಡೆಯ ಬಿರುಕನ್ನು ಬಿರುಕಾಗಿಯೇ ಬರೆಯುವ ಕೈಗೆ ಒಂದು ಬಗೆಯ ಪ್ರಾಮಾಣಿಕತೆ ತಾನಾಗಿ ಬರುತ್ತದೆ.

ಇದೇ ದಂಡಿಗೆ 1896ರಲ್ಲಿ ಕುದುರೆಪಡೆಯೊಡನೆ ಬಂದ ಇಪ್ಪತ್ತೊಂದರ ತರುಣ ವಿನ್‌ಸ್ಟನ್ ಚರ್ಚಿಲ್. ಇಲ್ಲಿದ್ದಾಗ ಆತನ ಕಾಲವೆಲ್ಲ ಪೋಲೋ ಆಟ, ಗುಲಾಬಿ, ಪುಸ್ತಕಗಳಲ್ಲಿ ಕಳೆಯಿತೇ ಹೊರತು ಚಿತ್ರಕಲೆಯ ಗೊಡವೆ ಇರಲಿಲ್ಲ. ಕುಂಚ ಹಿಡಿದದ್ದು 1915ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅಧಿಕಾರ ಕೈತಪ್ಪಿ ಮನಸ್ಸು ಕುಗ್ಗಿದ್ದ ದಿನಗಳಲ್ಲಿ. ಆತನೇ ಮುಂದೆ ಬರೆದ ಪ್ರಸಂಗವೊಂದು ಸೊಗಸಾಗಿದೆ. ಎದುರಿಗೆ ಬಿಳಿಯ ಕ್ಯಾನ್ವಾಸು, ಕೈಯಲ್ಲಿ ಕುಂಚ. ಮನಸ್ಸಿನಲ್ಲಿ ಮಾತ್ರ ಭಯ. ಬಹಳ ಹೊತ್ತು ಯೋಚಿಸಿ ಅವರೆಕಾಳಿನಷ್ಟು ನೀಲಿಯನ್ನು ಮೂಲೆಯಲ್ಲಿ ಹಚ್ಚಿದನಂತೆ. ಅಷ್ಟರಲ್ಲಿ ಅಲ್ಲಿಗೆ ಬಂದ ಚಿತ್ರಗಾರನೊಬ್ಬನ ಮಡದಿ ದೊಡ್ಡ ಕುಂಚವನ್ನು ಕಿತ್ತುಕೊಂಡು ಬಣ್ಣದಲ್ಲಿ ಅದ್ದಿ, ಕ್ಯಾನ್ವಾಸಿನ ಮೇಲೆ ರಪರಪನೆ ನಾಲ್ಕಾರು ಗೆರೆ ಎಳೆದಳು. ಕ್ಯಾನ್ವಾಸು ತಿರುಗಿ ಬೀಳಲಿಲ್ಲ! ಅಂದೇ ಭಯ ಬಿಟ್ಟಿತು. ಮುಂದೆ ಆತ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದ. ಆತನ ರಾಜಕೀಯ ನಮಗೆ ಒಪ್ಪಿಗೆಯಾಗದಿರಬಹುದು. ಬಿಳಿಯ ಹಾಳೆಯ ಮುಂದಿನ ಆ ಭಯ ಮಾತ್ರ ಎಲ್ಲರದೂ.

ನಮ್ಮವರ ಉದಾಹರಣೆಗಳಿಗೂ ಕೊರತೆಯಿಲ್ಲ. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಹಕ್ಕಿಯಾಗಿ, ಮುಖವಾಗಿ ತಿದ್ದುತ್ತ ತಿದ್ದುತ್ತ, ಅರವತ್ತು ದಾಟಿದ ಮೇಲೆ ಚಿತ್ರಗಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಪ್ರದರ್ಶನ ನಡೆಯಿತು. ಕನ್ನಡಕ್ಕೆ ‘ಹಸುರು ಹೊನ್ನು’ ಕೊಟ್ಟ ಬಿ.ಜಿ.ಎಲ್. ಸ್ವಾಮಿಯವರು ವೃತ್ತಿಯಿಂದ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕಕ್ಕೆ ಚಿತ್ರಗಳನ್ನು ಬರೆದವರೂ ಅವರೇ. ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ಶಾಸನಸಭೆ ಎಂದು ಬಾಳಿನ ಬಹುಭಾಗವನ್ನು ಸಾರ್ವಜನಿಕ ಕಾರ್ಯಕ್ಕೆ ಕೊಟ್ಟು, ಮರಳಿ ಕುಂಚಕ್ಕೆ ಬಂದು, ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನು ರಸ್ತೆಬದಿಯಲ್ಲಿ ನಿಂತೇ ಬರೆದರು. ಆ ರಸ್ತೆಗಳಲ್ಲಿ ಎಷ್ಟೋ ಮರಗಳು ಈಗಿಲ್ಲ. ಹೂ ಮಾತ್ರ ಅವರ ಕ್ಯಾನ್ವಾಸಿನಲ್ಲಿ ಉದುರದೆ ನಿಂತಿದೆ.

ಕಣ್ಣು ಕಲಿಯುವ ಪಾಠ

“ನನಗೆ ಚಿತ್ರ ಬರೆಯಲು ಬರುವುದಿಲ್ಲ” ಎನ್ನುವವರೇ ಬಹಳ. ನಿಜವಾಗಿ ಬಾರದಿರುವುದು ಬರೆಯಲು ಅಲ್ಲ, ನೋಡಲು. ಈ ಮಾತನ್ನು ನನಗೆ ಮನಗಾಣಿಸಿದ್ದು ಬಾಣಸವಾಡಿಯ ರೈಲು ನಿಲ್ದಾಣ. ಯಶವಂತಪುರದಿಂದ ಹೆಬ್ಬಾಳದ ಮೇಲೆ ಹಾದು ಹೊಸೂರಿನ ಕಡೆಗೆ ಹೋಗುವ ಮಾರ್ಗದಲ್ಲಿದೆ ಅದು. ಹಳಿಗಳು ದೂರ ಹೋದಂತೆ ಹತ್ತಿರವಾಗುವುದನ್ನು ಹುಟ್ಟಿದಂದಿನಿಂದ ನೋಡಿದ್ದೇನೆ. ಬರೆಯಲು ಹೊರಟಾಗ ಮಾತ್ರ ಅವು ಎಲ್ಲಿ ಕೂಡುತ್ತವೆಂದು ತಿಳಿಯದೆ ತಬ್ಬಿಬ್ಬಾದೆ. ನಮ್ಮ ರೈಲ್ವೆ ಯಜಮಾನರು ನಕ್ಕು, “ನಿಮ್ಮ ಕಣ್ಣಿನ ಮಟ್ಟದಲ್ಲಿ ಕೂಡುತ್ತವೆ ಮೇಷ್ಟ್ರೇ. ಕುಳಿತರೆ ಆ ಮಟ್ಟವೂ ಕುಳಿತುಕೊಳ್ಳುತ್ತದೆ, ಎದ್ದರೆ ಅದೂ ಏಳುತ್ತದೆ. ಪರೀಕ್ಷಿಸಿ” ಎಂದರು. ಎದ್ದೆ, ಕುಳಿತೆ, ಮತ್ತೆ ಎದ್ದೆ. ಹೌದು! ರೈಲಿಗೆ ಕಾದಿದ್ದವರು ನನ್ನ ಬಸ್ಕಿಯನ್ನು ಕಂಡು ಏನೆಂದುಕೊಂಡರೋ ತಿಳಿಯದು.

ಹಲಸೂರಿನ ಸೋಮೇಶ್ವರ ದೇವಾಲಯದ ಗೋಪುರದ ಎದುರು ಇನ್ನೊಂದು ಪಾಠವಾಯಿತು. ಅಲ್ಲಿನ ಬೊಂಬೆಗಳನ್ನು ಒಂದೊಂದಾಗಿ ಬರೆಯಹೋದರೆ ಆಯುಷ್ಯ ಸಾಲದು. ಗೃಹಿಣಿಯವರು ಕಣ್ಣು ಅರೆಮುಚ್ಚಿ ನೋಡಿದರು. ಬೊಂಬೆಗಳೆಲ್ಲ ಕರಗಿ ಬಿಸಿಲು, ನೆರಳು ಎರಡೇ ಉಳಿದುವು. ನೆರಳನ್ನಷ್ಟೇ ಬರೆದರು. ಆಶ್ಚರ್ಯವೆಂದರೆ, ಬರೆಯದೆ ಬಿಟ್ಟ ಬೊಂಬೆಗಳೆಲ್ಲ ನೋಡುವವರ ಕಣ್ಣಿಗೆ ತಾವಾಗಿ ಕಾಣಿಸಿಕೊಂಡುವು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾದರೋ ಯಾರೂ ಒಂದು ಗಳಿಗೆ ನಿಲ್ಲುವುದಿಲ್ಲ. ಹೂವಿನ ಬುಟ್ಟಿ ಹೊತ್ತವನನ್ನು ಬರೆಯಬೇಕೆಂದರೆ ಮೊದಲು ಬೆನ್ನಿನ ಬಾಗನ್ನು ಒಂದೇ ಗೆರೆಯಲ್ಲಿ ಹಿಡಿಯಬೇಕು. ಮೂಗು, ಕಣ್ಣು ಆಮೇಲೆ. ಭಾರವಿರುವುದು ಬೆನ್ನಿನಲ್ಲಿ, ಮೂಗಿನಲ್ಲಲ್ಲ!

ಸಾಮಗ್ರಿಯ ವಿಚಾರದಲ್ಲಿ ಹೊಸಬರಿಗೆ ಒಂದೆರಡು ಸೂಚನೆ. ಒಂದು 2ಬಿ ಪೆನ್ಸಿಲು, ಒಂದು ದಪ್ಪ ಕುಂಚ, ನೀಲಿ, ಹಳದಿ, ಕೆಂಪು, ಕಂದು ಬಣ್ಣ ಇಷ್ಟಿದ್ದರೆ ಆರಂಭಕ್ಕೆ ಸಾಕು. ಉಳಿತಾಯ ಮಾಡುವುದಾದರೆ ಬಣ್ಣದಲ್ಲಿ ಮಾಡಿ, ಕಾಗದದಲ್ಲಿ ಬೇಡ. 300 ಗ್ರಾಮಿನ ಕಾಗದ ನೀರು ಕುಡಿದರೂ ಹಪ್ಪಳದಂತೆ ಮುದುರುವುದಿಲ್ಲ. ಜಲವರ್ಣದಲ್ಲಿ ತೆಳುವಾದುದು ಮೊದಲು, ಗಾಢವಾದುದು ಅನಂತರ. ಬಿಳಿಗೆ ಬೇರೆ ಬಣ್ಣ ಬೇಡ. ಬೆಳಕು ಬೇಕಾದೆಡೆ ಕಾಗದವನ್ನು ಮುಟ್ಟದೆ ಬಿಡುವುದೇ ಉಪಾಯ. ಮೊದಲ ಲೇಪ ಆರುವ ಮುನ್ನ ಕೈಯಾಡಿಸಿದರೆ ಎಲ್ಲ ಕೆಸರಾಗುತ್ತದೆ. ಕಾಯುವುದು ಈ ಕಲೆಯ ಅರ್ಧ ಭಾಗ. ಮಿಕ್ಕ ಅರ್ಧ, ಸಾಕೆನ್ನಿಸಿದಾಗ ಕುಂಚವನ್ನು ಕೆಳಗಿಡುವುದು.

ತೋರಿಸುವ ಧೈರ್ಯ

ಬರೆದು ಮುಗಿಸಿದ ಮೇಲೆ ಬರುವುದು ನಿಜವಾದ ಪರೀಕ್ಷೆ. ಎಲ್ಲರೂ ತಮ್ಮ ತಮ್ಮ ಹಾಳೆಗಳನ್ನು ಸಾಲಾಗಿ ನೆಲದ ಮೇಲೋ ಕಲ್ಲುಬೆಂಚಿನ ಮೇಲೋ ಇಡಬೇಕು. ಹೀಗೆ ಒಟ್ಟಿಗೆ ಹರಡಿ ನೋಡುವ ಪದ್ಧತಿ ಇಂಥ ಬಳಗಗಳಲ್ಲೆಲ್ಲ ಉಂಟು. ಮೊದಲ ದಿನ ನಾನು ನನ್ನ ಹಾಳೆಯನ್ನು ತಲೆಕೆಳಗಾಗಿ ಇಟ್ಟಿದ್ದೆ, ನಾಚಿಕೆಯಿಂದ. ಆ ತರುಣ ಅದನ್ನು ತಿರುಗಿಸಿ, “ಸಾರ್, ಈ ಕಂಬದ ನೆರಳು ನನಗೆ ಕಾಣಲೇ ಇಲ್ಲವಲ್ಲ!” ಎಂದ. ಒಂದೇ ಬೀದಿಗೆ ಐದು ಚಿತ್ರ, ಒಂದರಂತೆ ಒಂದಿಲ್ಲ. ಬ್ಯಾಂಕಿನವರಿಗೆ ಅಂಗಡಿಯ ಫಲಕಗಳು, ಗೃಹಿಣಿಯವರಿಗೆ ಮಹಡಿಯ ಮೇಲೆ ಒಣಗಿದ ಬಟ್ಟೆ, ರೈಲ್ವೆಯವರಿಗೆ ತಂತಿಗಳ ಲೆಕ್ಕ. ಇನ್ನೊಬ್ಬರು ಕಂಡುದನ್ನು ಕಂಡಾಗಲೇ ನಾವು ಕಾಣದುದೆಷ್ಟೆಂಬುದು ಹೊಳೆಯುವುದು.

ಚಿತ್ರ ಮಾರಬೇಕೆನ್ನುವವರಿಗೂ ನಮ್ಮ ನಗರದಲ್ಲಿ ಸ್ಥಳವುಂಟು. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿವರ್ಷ ನಡೆಸುವ ‘ಚಿತ್ರಸಂತೆ’ಯ ದಿನ ಇಡೀ ಕುಮಾರಕೃಪಾ ರಸ್ತೆ ಚಿತ್ರಶಾಲೆಯಾಗುತ್ತದೆ, 2025ರ ಜನವರಿ 5ರಂದು ನಡೆದದ್ದು ಇಪ್ಪತ್ತೆರಡನೆಯ ಸಂತೆ. ಅಲ್ಲಿ ಚಿತ್ರಗಾರನೇ ತನ್ನ ಚಿತ್ರದ ಪಕ್ಕದಲ್ಲಿ ನಿಂತಿರುತ್ತಾನೆ. ಅಜ್ಜಿ ಮೊಮ್ಮಕ್ಕಳು ಕೈಹಿಡಿದು ಬಂದು ಅವನನ್ನು ಮಾತನಾಡಿಸುತ್ತಾರೆ. ಸಂತೋಷವೇ. ಆದರೆ ಬೆಲೆ ಕಟ್ಟದ ಚಿತ್ರಕ್ಕೂ ಒಂದು ಬೆಲೆಯಿದೆ ಎಂಬುದನ್ನು ನಾನು ಕಲಿತದ್ದು, ಆರಂಭದಲ್ಲಿ ಹೇಳಿದ ಆ ಹೆಂಚಿನ ಮನೆಯ ಎದುರು.

ದೀಪದ ಗೂಡು

ಅಂದು ಆ ಹಿರಿಯರು ಹೋದ ಸ್ವಲ್ಪ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಹೊರಬಂದು, ಬೀದಿ ದಾಟಿ, ಹೇಳದೆ ಕೇಳದೆ ನನ್ನ ಹಾಳೆಗೆ ಬಾಗಿದರು. ಬಹಳ ಹೊತ್ತು ನೋಡಿದರು.

“ಎಲ್ಲಾ ಬರೆದಿದ್ದೀಯ. ದೀಪದ ಗೂಡು ಎಲ್ಲಪ್ಪಾ?”

ತಲೆಯೆತ್ತಿ ನೋಡಿದೆ. ಬಾಗಿಲಿನ ಬಲಕ್ಕೆ, ಗೋಡೆಯಲ್ಲಿ ಅಂಗೈಯಗಲದ ಗೂಡೊಂದಿತ್ತು, ಒಳಗೆಲ್ಲ ಮಸಿ. ಒಂದು ಗಂಟೆಯಿಂದ ಆ ಗೋಡೆಯನ್ನೇ ನೋಡುತ್ತಿದ್ದವನಿಗೆ ಅದು ಕಂಡಿರಲಿಲ್ಲ. “ನಾನು ಮದುವೆಯಾಗಿ ಬಂದಾಗ ಈ ಬೀದಿಯಲ್ಲಿ ಕರೆಂಟಿರಲಿಲ್ಲ. ನಮ್ಮತ್ತೆ ದಿನಾ ಸಂಜೆ ಅಲ್ಲೇ ದೀಪ ಇಡೋರು. ಆಮೇಲೆ ನಾನು” ಎಂದರು. ಕೂಡಲೇ ಗೂಡನ್ನು ಸೇರಿಸಿದೆ. ಜಾಗ ಸಾಲದೆ ಅದು ಸೊಟ್ಟಗೆ ಕುಳಿತಿತು. ಕಾಫಿಯ ಹೊತ್ತಿಗೆ ರೈಲ್ವೆ ಯಜಮಾನರು, “ಮೇಷ್ಟ್ರೇ, ಮನೆ ಒಂದು ಕಡೆ ನೋಡುತ್ತಿದೆ, ಗೂಡು ಇನ್ನೊಂದು ಕಡೆ” ಎಂದು ತಪ್ಪು ತೋರಿಸಿದರು. ಅದು ನಿಜವೇ.

ಏಳೆಂಟು ತಿಂಗಳ ಮೇಲೆ ಆ ಬೀದಿಯಲ್ಲಿ ಹಾದುಹೋದಾಗ ಮನೆ ಇರಲಿಲ್ಲ. ಕಬ್ಬಿಣದ ಸರಳುಗಳು ಎದ್ದಿದ್ದುವು. ಅದರಲ್ಲಿ ಯಾರ ತಪ್ಪೂ ಇಲ್ಲ. ಮೂವರು ಮಕ್ಕಳ ಸಂಸಾರಕ್ಕೆ ಹೆಂಚಿನ ಮನೆ ಸಾಲದು. ಅಜ್ಜಿ ಪಕ್ಕದ ಬೀದಿಯ ಬಾಡಿಗೆ ಮನೆಯಲ್ಲಿದ್ದಾರೆಂದು ಕೇಳಿ, ಪುಸ್ತಕದಿಂದ ಆ ಹಾಳೆಯನ್ನು ಬಿಡಿಸಿಕೊಂಡು ಹೋದೆ. ಮೊಬೈಲಿನಲ್ಲಿ ಹಳೆಯ ಮನೆಯ ಛಾಯಾಚಿತ್ರಗಳು ಎಷ್ಟೋ ಇವೆಯೆಂದು ಮೊಮ್ಮಗ ಹೇಳಿದ. ಅಜ್ಜಿ ಮಾತನಾಡಲಿಲ್ಲ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಚನ್ನೂ ಬಾಗಿಲನ್ನೂ ಬಿಟ್ಟು, ಆ ಸೊಟ್ಟ ಗೂಡಿನ ಮೇಲೆ ಬೆರಳಿಟ್ಟರು. ಬಹಳ ಹೊತ್ತಾದರೂ ತೆಗೆಯಲಿಲ್ಲ.

ಹಾಳೆ ಅಲ್ಲಿಯೇ ಉಳಿಯಿತು. ನನ್ನ ಪುಸ್ತಕದಲ್ಲಿ ಆ ಒಂದು ಪುಟವಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿಯೂ ಒಂದು ಬಣ್ಣದ ಪೆಟ್ಟಿಗೆ ಇರಬಹುದು. ಮುಂದಿನ ಭಾನುವಾರ ಅದನ್ನು ಇಳಿಸಿ ನೋಡಿ. ಬೀದಿಯಲ್ಲಿ ಯಾರಾದರೂ ನಿಂತು “ಏನು ಮಾಡುತ್ತಿದ್ದೀರಿ?” ಎಂದು ಕೇಳಿದರೆ, “ಸುಮ್ಮನೆ” ಎನ್ನಿ. ಅವರು ನಂಬದಿದ್ದರೂ ಚಿಂತೆಯಿಲ್ಲ. ಹಾಳೆಯನ್ನು ಮಾತ್ರ ಮುಚ್ಚಿಡಬೇಡಿ. ನೀವು ಕಾಣದೆ ಬಿಟ್ಟ ಗೂಡನ್ನು ತೋರಿಸಲು ಬಂದವರು ಅವರೇ ಇರಬಹುದು.